ಅರ್ಧ ಮಿಲಿಮೀಟರಿನ ಜಮಾ-ಖರ್ಚು

ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಗೆ ಹೋಗುವ ಮುನ್ನ

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಯಾವುದಾದರೂ ದೊಡ್ಡ ಕಣ್ಣಿನ ಆಸ್ಪತ್ರೆಗೆ ಹೋಗಿ ನೋಡಿ. ಸಾಲು ಕುರ್ಚಿಗಳಲ್ಲಿ ಕೂತವರು ತಲೆಯನ್ನು ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ಒಂದು ಕೈಯಲ್ಲಿ ಹತ್ತಿಯ ಉಂಡೆ, ಇನ್ನೊಂದರಲ್ಲಿ ಫೈಲು. ಆಗಾಗ ನರ್ಸ್ ಬಂದು ರೆಪ್ಪೆ ಎಳೆದು ಉರಿಯುವ ಹನಿಯೊಂದನ್ನು ಬಿಟ್ಟು ಹೋಗುತ್ತಾರೆ. ಪಾಪೆ ಅರಳಬೇಕು, ಕಾಯಬೇಕು. ಮೂಲೆಯಲ್ಲೊಬ್ಬಳು ಹುಡುಗಿ ಮೊಬೈಲನ್ನು ಹತ್ತಿರ ತಂದು, ಆಮೇಲೆ ತೋಳುದ್ದ ದೂರ ಹಿಡಿದು, ಅಕ್ಷರ ಕಲಸಿಹೋದದ್ದು ಕಂಡು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಪಕ್ಕದಲ್ಲಿದ್ದ ತಾಯಿ ಕೇಳುತ್ತಾರೆ: ‘ಇವತ್ತೇ ಮಾಡಿ ಕಳಿಸ್ತಾರಾ?’ ನರ್ಸ್ ನಗುತ್ತಾರೆ. ‘ಇವತ್ತು ಬರೀ ನೋಡೋದಮ್ಮ.’

ಈ ‘ಬರೀ ನೋಡೋದು’ ಎಂಬ ದಿನದ ಬಗ್ಗೆಯೇ ಈ ಲೇಖನದ ಬಹುಪಾಲು ಮಾತು. ಲೇಸರ್ ಹಾಯಿಸುವ ದಿನ ಕೆಲಸ ಮುಗಿಯುವುದು ಹದಿನೈದು-ಇಪ್ಪತ್ತು ನಿಮಿಷದಲ್ಲಿ. ಆ ಕಣ್ಣಿಗೆ ಲೇಸರ್ ಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಅದಕ್ಕೂ ಮೊದಲೇ, ಈ ಕುರ್ಚಿಯಲ್ಲಿ. ನೋಡಿದ ಮೇಲೆ ‘ನಿಮಗೆ ಬೇಡ’ ಎಂದು ವಾಪಸ್ಸು ಕಳಿಸುವವರೂ ಇದ್ದಾರೆ. ಅಂಥ ಆಸ್ಪತ್ರೆ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ, ವಿಳಾಸ ಬರೆದಿಟ್ಟುಕೊಳ್ಳಿ.

ಯಾವ ಲೇಸರ್?

ನಮ್ಮ ಮನೆಗಳಲ್ಲಿ ‘ಕಣ್ಣಿಗೆ ಲೇಸರ್ ಮಾಡಿಸಿದರು’ ಎಂಬ ಮಾತಿಗೆ ನಾಲ್ಕು ಅರ್ಥಗಳಿವೆ. ಸಕ್ಕರೆ ಕಾಯಿಲೆಯ ಮಾವನಿಗೆ ಮಾಡಿದ್ದು ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ. ಪೊರೆ ತೆಗೆಸಿ ಕೆಲವು ವರ್ಷವಾದ ಮೇಲೆ ಅಜ್ಜಿಗೆ ಮತ್ತೆ ಮಂಜಾದಾಗ ಮಾಡಿದ್ದು ಒಳಗಿನ ಲೆನ್ಸಿನ ಹಿಂದಿರುವ ತೆಳುಪೊರೆಗೆ. ಇನ್ನು ಪೊರೆಯ ಆಪರೇಷನ್ನನ್ನೇ ‘ಲೇಸರ್ ಆಪರೇಷನ್’ ಎನ್ನುವವರು ಬಹಳ. ಅದರಲ್ಲಿ ಹೆಚ್ಚಿನವು ಫೇಕೋ ವಿಧಾನದವು. ಅಲ್ಲಿ ಪೊರೆಯನ್ನು ಪುಡಿ ಮಾಡುವುದು ಶಬ್ದಾತೀತ ತರಂಗ, ಲೇಸರ್ ಅಲ್ಲ. ನಾಲ್ಕನೆಯದು ನಮ್ಮ ವಿಷಯ, ಕನ್ನಡಕ ಬಿಡಿಸುವ ಲೇಸರ್.

ಮೊದಲ ಮೂರಕ್ಕೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಕಣ್ಣಿನ ಆಪರೇಷನ್ ಎಂದರೆ ಹಿಂದಿನ ತಲೆಮಾರಿಗೆ ನೆನಪಾಗುತ್ತಿದ್ದದ್ದು ಡಾ. ಎಂ.ಸಿ. ಮೋದಿಯವರ ಶಿಬಿರಗಳು. ಕೈಹಿಡಿದು ನಡೆಸಿಕೊಂಡು ಬಂದವರು ಪಟ್ಟಿ ಬಿಚ್ಚಿದ ಮೇಲೆ ತಾವೇ ನಡೆದು ಊರಿಗೆ ಹೋಗುತ್ತಿದ್ದ ಕಾಲ ಅದು. ಕಳೆದುಕೊಳ್ಳುವುದಕ್ಕೆ ಅವರ ಬಳಿ ಹೆಚ್ಚೇನೂ ಇರಲಿಲ್ಲ. ಲೇಸರಿಗೆ ಬರುವ ಇಪ್ಪತ್ತೈದರ ಯುವಕ ಹಾಗಲ್ಲ, ಕನ್ನಡಕ ಹಾಕಿದರೆ ಕಡೆಯ ಸಾಲಿನವರೆಗೂ ಓದಿಬಿಡುತ್ತಾನೆ. ರೋಗವಿಲ್ಲದ ಕಣ್ಣಿಗೆ ಮಾಡುವ ಶಸ್ತ್ರಚಿಕಿತ್ಸೆ ಇದು. ಸಾವಿರಕ್ಕೊಂದು ತೊಂದರೆ ಎಂಬ ಮಾತು ಈ ಇಬ್ಬರ ಕಿವಿಗೂ ಒಂದೇ ತೂಕದಲ್ಲಿ ಬೀಳಬಾರದು.

ಐದು ಹಾಳೆ

ಕಣ್ಣಿನ ಕಪ್ಪುಗುಡ್ಡೆಯ ಮುಂದೆ ಕೈಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ಪಾರದರ್ಶಕ ಹೊದಿಕೆಯೇ ಕಾರ್ನಿಯಾ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಇದರದ್ದೇ, ಉಳಿದದ್ದು ಒಳಗಿನ ಮಸೂರದ್ದು. ಇದರ ಉಬ್ಬನ್ನು ಒಂದಿಷ್ಟು ತಗ್ಗಿಸಿದರೆ ಮೈನಸ್ ಪವರ್ ಹೋಗುತ್ತದೆ. ಲೇಸರ್ ಚಿಕಿತ್ಸೆಯ ತಿರುಳು ಇಷ್ಟೇ: ಕನ್ನಡಕದ ಗಾಜಿನಲ್ಲಿದ್ದ ಆಕಾರವನ್ನು ಕಾರ್ನಿಯಾದ ಮೇಲೇ ಕೆತ್ತುವುದು.

ಕೆತ್ತುವುದಕ್ಕೆ ಸಿಗುವ ಜಾಗ ಎಷ್ಟು? ನಡುಭಾಗದಲ್ಲಿ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಜೆರಾಕ್ಸ್ ಅಂಗಡಿಯ ಐದು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆರಳಿನಿಂದ ಒತ್ತಿ ನೋಡಿ, ಅಷ್ಟೇ ದಪ್ಪ. ಆ ಐದು ಹಾಳೆಯೊಳಗೂ ಪದರಗಳಿವೆ ಎಂಬುದು ಕನ್ನಡಿಗರಿಗೆ ಒಂದು ದುಃಖದ ಸಂದರ್ಭದಲ್ಲಿ ಗೊತ್ತಾಯಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಬೆಂಗಳೂರಿನ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬಿಡಿಸಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನು ಕೂರಿಸಿದ್ದರು.

ಮೇಲ್ಮೈಯ ತೆಳು ಪದರ ಉಜ್ಜಿಹೋದರೆ ಕೆಲವು ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ಅದರ ಕೆಳಗಿನ ಗಟ್ಟಿ ಭಾಗ ಬೆಳೆಯುವುದಿಲ್ಲ. ಲೇಸರ್ ಕೆತ್ತುವುದು ಈ ಗಟ್ಟಿ ಭಾಗವನ್ನು. ಆದ್ದರಿಂದ ಇದು ಖರ್ಚಾದರೆ ಮತ್ತೆ ಜಮೆಯಾಗದ ಖಾತೆ.

ಲೆಕ್ಕ ಹಾಕಿಯೇ ನೋಡೋಣ. ಒಬ್ಬರ ಕಾರ್ನಿಯಾ 520 ಮೈಕ್ರಾನ್ (ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು) ದಪ್ಪ, ಪವರ್ ಮೈನಸ್ ಆರು ಎಂದಿಟ್ಟುಕೊಳ್ಳಿ. ಲೇಸಿಕ್ ವಿಧಾನದಲ್ಲಿ ಮೊದಲು ಎತ್ತುವ ಮುಚ್ಚಳದಂಥ ಪದರಕ್ಕೆ 110 ಮೈಕ್ರಾನ್ ಹೋಯಿತು. ಒಂದು ಪವರ್ ಇಳಿಸಲು 15 ಮೈಕ್ರಾನಿನಂತೆ ಆರಕ್ಕೆ 90. ತಳದಲ್ಲಿ ಉಳಿದದ್ದು 320. ಪರವಾಗಿಲ್ಲ. ಇನ್ನೊಬ್ಬರದು 480 ಮೈಕ್ರಾನ್, ಪವರ್ ಮೈನಸ್ ಎಂಟು. ಮುಚ್ಚಳಕ್ಕೆ 110, ಕೆತ್ತನೆಗೆ 120, ಉಳಿದದ್ದು 250. ಇದಕ್ಕಿಂತ ಕೆಳಗೆ ಹೋಗಬಾರದು ಎಂದು ವೈದ್ಯರು ಬಹುಕಾಲದಿಂದ ಇಟ್ಟುಕೊಂಡಿರುವ ಗಡಿ ಸರಿಯಾಗಿ ಇದೇ. ಮುನ್ನೂರು ಉಳಿಯಲೇಬೇಕು ಎನ್ನುವ ವೈದ್ಯರು ಈಗ ಹೆಚ್ಚು. ಗಡಿ ಮೀರಿದರೆ, ಕಣ್ಣೊಳಗಿನ ಒತ್ತಡಕ್ಕೆ ತೆಳುವಾದ ಕಾರ್ನಿಯಾ ವರ್ಷಗಳ ಮೇಲೆ ಮುಂದಕ್ಕೆ ಉಬ್ಬಬಹುದು. ಆಗ ಹೋದ ಪವರ್ ವಾಪಸ್ಸು ಬರುತ್ತದೆ, ಕನ್ನಡಕಕ್ಕೂ ಬಗ್ಗದಷ್ಟು ಸೊಟ್ಟಗಾಗಿ ಬರುತ್ತದೆ.

ಕಾರ್ನಿಯಾದ ದಪ್ಪ ಎಷ್ಟು, ಕೆತ್ತುವುದೆಷ್ಟು, ಉಳಿಯುವುದೆಷ್ಟು, ನಿಮ್ಮ ಕಣ್ಣಿನ ಈ ಮೂರು ಅಂಕಿಗಳನ್ನು ಕೇಳಿ ಬರೆದುಕೊಳ್ಳಿ. ಕೇಳಿದರೆ ವೈದ್ಯರು ಬೇಸರಿಸುವುದಿಲ್ಲ. ಬೇಸರಿಸಿದರೆ ಅದೂ ಒಂದು ಮಾಹಿತಿಯೇ.

ಕೂದಲು ಸೀಳಿದ ಬೆಳಕು

ಮೈಕ್ರಾನ್ ಲೆಕ್ಕದಲ್ಲಿ ಕೆತ್ತುವ ಈ ಚಾಕಚಕ್ಯತೆ ಬಂದದ್ದು ಕಣ್ಣಿನ ಆಸ್ಪತ್ರೆಯಿಂದಲ್ಲ, ಕಂಪ್ಯೂಟರ್ ಕಂಪನಿಯಿಂದ. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಎಕ್ಸೈಮರ್ ಎಂಬ ಅತಿನೇರಳೆ ಲೇಸರನ್ನಿಟ್ಟುಕೊಂಡು ಪ್ಲಾಸ್ಟಿಕ್ ಕೆತ್ತುತ್ತಿದ್ದವರು ರಂಗಸ್ವಾಮಿ ಶ್ರೀನಿವಾಸನ್, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದವರು. 1981ರ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅವರು ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು ಲೇಸರಿನ ಕೆಳಗಿಟ್ಟರು. ಬೇರೆ ಲೇಸರ್ ಹಾಯಿಸಿದಲ್ಲಿ ಸುತ್ತಲ ಮಾಂಸ ಕರಿಕಾಗಿತ್ತು. ಎಕ್ಸೈಮರ್ ಹಾಯ್ದಲ್ಲಿ ಮಾತ್ರ ಅಂಚು ಸುಡದ ಅಚ್ಚುಕಟ್ಟಾದ ಗೀರು. ಆಮೇಲೆ ಮನುಷ್ಯನ ಕೂದಲೊಂದರ ಮೇಲೆ ಸಾಲಾಗಿ ಕಚ್ಚುಗಳನ್ನು ಕೆತ್ತಿದ ಅವರ ಚಿತ್ರ ಲೋಕಪ್ರಸಿದ್ಧವಾಯಿತು. ನಾವು ಮಾತಿನಲ್ಲಿ ಕೂದಲು ಸೀಳುತ್ತೇವೆ, ಅವರು ನಿಜಕ್ಕೂ ಸೀಳಿ ತೋರಿಸಿದರು. 1983ರಲ್ಲಿ ನ್ಯೂಯಾರ್ಕಿನ ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಅವರ ಜತೆ ಸೇರಿ ಕಾರ್ನಿಯಾದ ಮೇಲೆ ಇದನ್ನು ಬಳಸಬಹುದೆಂದು ಪ್ರಕಟಿಸಿದರು. ಮುಂದಿನದೆಲ್ಲ ಬೇಗಬೇಗ ನಡೆಯಿತು.

ಡಮರು ಮತ್ತು ಕೆಂಪು ಗುಡ್ಡ

ಪರೀಕ್ಷೆಯ ದಿನ ಕೈಗೆ ಬರುವ ಕಾಗದಗಳಲ್ಲಿ ಬಣ್ಣಬಣ್ಣದ ಒಂದು ನಕ್ಷೆ ಇರುತ್ತದೆ. ಭೂಗೋಳದ ಪುಸ್ತಕದಲ್ಲಿ ಬೆಟ್ಟ-ಕಣಿವೆ ತೋರಿಸುವ ನಕ್ಷೆಯ ಹಾಗೇ. ಇದು ಕಾರ್ನಿಯಾದ ಏರಿಳಿತದ ಚಿತ್ರ. ಚಪ್ಪಟೆ ಇರುವಲ್ಲಿ ನೀಲಿ, ಸಾಧಾರಣ ಉಬ್ಬಿಗೆ ಹಸಿರು, ಕಡಿದಾದಲ್ಲಿ ಹಳದಿ, ಕೆಂಪು. ಸಿಲಿಂಡರ್ ಪವರ್ ಇದ್ದವರ ನಕ್ಷೆಯ ನಡುವೆ ಡಮರುವಿನಂಥ ಆಕೃತಿ ಕಾಣುತ್ತದೆ. ಡಮರುವಿನ ಎರಡೂ ಬದಿ ಒಂದೇ ಗಾತ್ರವಿದ್ದರೆ ಸಮಾಧಾನ. ಕೆಳಗಿನ ಬದಿ ಮಾತ್ರ ಊದಿಕೊಂಡು ಕೆಂಪಾಗಿದ್ದರೆ ವೈದ್ಯರು ಅಲ್ಲೇ ನಿಲ್ಲುತ್ತಾರೆ.

ಆ ಕೆಂಪು ಗುಡ್ಡದ ಹೆಸರು ಕೆರಟೋಕೋನಸ್. ಕಾರ್ನಿಯಾ ತಾನಾಗಿಯೇ ತೆಳುವಾಗುತ್ತ ಶಂಕುವಿನಂತೆ ಮುಂದೆ ಚಾಚಿಕೊಳ್ಳುವ ರೋಗ. ಸಾಮಾನ್ಯವಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಚೀಚೆಯೋ ಶುರುವಾಗುತ್ತದೆ, ಅಂದರೆ ಲೇಸರಿನ ಆಸೆ ಹುಟ್ಟುವ ವಯಸ್ಸಿನಲ್ಲೇ. ಆರಂಭದಲ್ಲಿ ನೋವಿಲ್ಲ, ಕೆಂಪಿಲ್ಲ. ಕನ್ನಡಕದ ಸಿಲಿಂಡರ್ ಪವರ್ ಮತ್ತೆಮತ್ತೆ ಬದಲಾಗುವುದೊಂದೇ ಸುಳಿವು. ಅಲರ್ಜಿಯಿಂದ ಕಣ್ಣು ತುರಿಸಿ ಮುಷ್ಟಿಯಿಂದ ಗಸಗಸ ಉಜ್ಜುವ ಮಕ್ಕಳಲ್ಲಿ ಇದು ಹೆಚ್ಚು. ಇಂಥ ಕಣ್ಣಿಗೆ ಲೇಸಿಕ್ ಮಾಡುವುದೆಂದರೆ ಬಿರುಕು ಬಿಟ್ಟ ಗೋಡೆಯಿಂದಲೇ ಇಟ್ಟಿಗೆ ಕೀಳಿದಂತೆ. ಲೇಸರ್ ಆಸೆಯಿಂದ ಬಂದು ಈ ರೋಗ ಗೊತ್ತುಮಾಡಿಕೊಂಡು, ಅದು ಮುಂದುವರಿಯದಂತೆ ತಡೆಯುವ ಚಿಕಿತ್ಸೆ ಪಡೆದವರ ಮಟ್ಟಿಗೆ ‘ನಿಮಗೆ ಬೇಡ’ ಎಂಬ ಮಾತೇ ಕಣ್ಣು ಉಳಿಸಿದೆ.

ನಕ್ಷೆ ಸುಳ್ಳು ಹೇಳುವುದೂ ಉಂಟು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಾರ್ನಿಯಾ ಅದರ ಒತ್ತಡಕ್ಕೆ ಆಕಾರ ಬದಲಿಸಿರುತ್ತದೆ. ಮೆತ್ತನೆಯ ಲೆನ್ಸಾದರೆ ಪರೀಕ್ಷೆಗೆ ಒಂದೆರಡು ವಾರ ಮೊದಲು, ಗಟ್ಟಿ ಲೆನ್ಸಾದರೆ ಮೂರು-ನಾಲ್ಕು ವಾರ ಮೊದಲಾದರೂ ತೆಗೆದಿಡಬೇಕು. ನಿನ್ನೆಯವರೆಗೂ ಲೆನ್ಸ್ ಹಾಕಿಕೊಂಡಿದ್ದು ಇವತ್ತು ಪರೀಕ್ಷೆ, ನಾಳೆ ಆಪರೇಷನ್ ಎಂದು ಮುಗಿಸುವ ಅವಸರ ಯಾರದೇ ಆಗಲಿ, ಒಪ್ಪಬೇಡಿ.

ಪವರ್ ನಿಂತಿರಬೇಕು ಎಂಬುದು ಇನ್ನೊಂದು ಷರತ್ತು. ಹದಿನೆಂಟಕ್ಕೆ ಮೊದಲು ಯಾರೂ ಮಾಡುವುದಿಲ್ಲ, ಇಪ್ಪತ್ತೊಂದರವರೆಗೆ ಕಾಯಿರಿ ಎನ್ನುವವರು ಅನೇಕರು. ಕಳೆದೊಂದು ವರ್ಷದಲ್ಲಿ ಪವರ್ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ಗರ್ಭಿಣಿಯರಲ್ಲಿ, ಹಾಲುಣಿಸುವ ತಾಯಂದಿರಲ್ಲಿ ಪವರ್ ಅತ್ತಿತ್ತ ಆಗುವುದರಿಂದ ಮುಂದೂಡುತ್ತಾರೆ. ‘ಹುಡುಗಿಗೆ ಮದುವೆ ಗೊತ್ತಾಗಿದೆ, ಮುಂದಿನ ತಿಂಗಳೊಳಗೆ ಸೋಡಾಬುಡ್ಡಿ ಹೋಗಬೇಕು’ ಎಂದು ಬರುವ ತಂದೆತಾಯಂದಿರು ಇದನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ. (ಹುಡುಗನ ಸೋಡಾಬುಡ್ಡಿಗೆ ಈ ಅವಸರ ಯಾಕಿಲ್ಲವೋ!) ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಕೀಲುಗಳ ಉರಿಯೂತದಂಥ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ, ಹಿಂದೆ ಕಾರ್ನಿಯಾಕ್ಕೆ ಹರ್ಪಿಸ್ ಸೋಂಕು, ಮೊಡವೆಗೆ ನುಂಗುತ್ತಿರುವ ಐಸೋಟ್ರೆಟಿನಾಯಿನ್ ಮಾತ್ರೆ ಇವನ್ನು ಮರೆಮಾಚದೆ ಹೇಳಬೇಕು.

ಪಾಪೆ ಅರಳಿಸುವ ಆ ಉರಿಯುವ ಹನಿ ಬಿಡುವುದು ಹಿಂಭಾಗದ ಅಕ್ಷಿಪಟಲ ನೋಡಲು. ಹೆಚ್ಚು ಮೈನಸ್ ಇರುವ ಕಣ್ಣುಗುಡ್ಡೆ ಹಿಂದುಮುಂದಾಗಿ ಉದ್ದವಾಗಿರುತ್ತದೆ. ಹೆಚ್ಚು ಊದಿದ ಬಲೂನಿನಂತೆ ಅದರ ಒಳಗೋಡೆಯೂ ತೆಳು. ಅಂಚಿನಲ್ಲಿ ತೂತಿದ್ದರೆ ಮೊದಲು ಅದಕ್ಕೆ ಬೇಲಿ ಹಾಕಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಗಟ್ಟಿಯಾಗಿ ಕೂತಿದೆ. ಲೇಸರ್ ಮಾಡಿದ ಮೇಲೆ ‘ಪವರ್ ಹೋಯಿತು’ ಎನ್ನುತ್ತೇವೆ. ಹೋಗುವುದು ಕನ್ನಡಕದ ಪವರ್. ಉದ್ದನೆಯ ಗುಡ್ಡೆ ಉದ್ದವಾಗಿಯೇ ಇರುತ್ತದೆ, ಅಕ್ಷಿಪಟಲ ಕಳಚುವ ಅಪಾಯವೂ ಹಾಗೇ ಇರುತ್ತದೆ. ಕನ್ನಡಕ ಬಿಟ್ಟವರು ಕಣ್ಣಿನ ತಪಾಸಣೆಯನ್ನೂ ಬಿಟ್ಟುಬಿಡುವುದರಲ್ಲಿ ನಿಜವಾದ ಗಂಡಾಂತರವಿದೆ.

ಮೂರು ದಾರಿ

ಜಾಹೀರಾತಿನಲ್ಲಿ ಹೆಸರು ಎಷ್ಟೇ ಇರಲಿ, ದಾರಿಗಳು ಮುಖ್ಯವಾಗಿ ಮೂರು. ಪಿಆರ್‌ಕೆಯಲ್ಲಿ ಮೇಲ್ಮೈಯ ಪದರವನ್ನು ಉಜ್ಜಿ ತೆಗೆದು ನೇರವಾಗಿ ಕೆತ್ತುತ್ತಾರೆ. ಮೂರು-ನಾಲ್ಕು ದಿನ ಸರಿಯಾಗಿಯೇ ನೋವಿರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಆದರೆ ಮುಚ್ಚಳವೇ ಇಲ್ಲವಾದ್ದರಿಂದ ಕಾರ್ನಿಯಾದ ಗಟ್ಟಿತನ ಹೆಚ್ಚು ಉಳಿಯುತ್ತದೆ. ಲೇಸಿಕ್‌ನಲ್ಲಿ ಒಂದು ಹಾಳೆ ದಪ್ಪದ ಮುಚ್ಚಳವನ್ನು ಪುಸ್ತಕದ ರಟ್ಟಿನಂತೆ ಮಗುಚಿ, ಕೆಳಗೆ ಕೆತ್ತಿ, ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಮರುದಿನವೇ ಗಡಿಯಾರದ ಮುಳ್ಳು ಕಾಣುತ್ತದೆ. ಆದರೆ ಆ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಬೆಸೆದುಕೊಳ್ಳುವುದಿಲ್ಲ, ವರ್ಷಗಳಾದ ಮೇಲೂ ಏಟು ಬಿದ್ದು ಸರಿದ ಉದಾಹರಣೆಗಳಿವೆ. ಕಬಡ್ಡಿ, ಕುಸ್ತಿ, ಬಾಕ್ಸಿಂಗ್ ಆಡುವವರು ಇದನ್ನು ಮೊದಲೇ ಹೇಳಬೇಕು. ಮೂರನೆಯದು ಸ್ಮೈಲ್. ಕಾರ್ನಿಯಾದ ಒಳಗೇ ಮಸೂರದಾಕಾರದ ತೆಳು ಚೂರೊಂದನ್ನು ಲೇಸರಿನಿಂದ ಬಿಡಿಸಿ, ಕೆಲವೇ ಮಿಲಿಮೀಟರಿನ ಸೀಳಿನಿಂದ ಹೊರಕ್ಕೆ ಎಳೆದುಕೊಳ್ಳುತ್ತಾರೆ.

ಪವರ್ ತೀರಾ ಹೆಚ್ಚಿದ್ದರೆ, ಕಾರ್ನಿಯಾ ತೆಳುವಿದ್ದರೆ ಈ ಮೂರೂ ಬೇಡ. ಕಣ್ಣಿನೊಳಗೆ, ಸಹಜ ಮಸೂರದ ಮುಂದೆ, ಐಸಿಎಲ್ ಎಂಬ ಇನ್ನೊಂದು ಲೆನ್ಸ್ ಕೂರಿಸುವುದುಂಟು. ಅದರ ಅನುಕೂಲ-ಅಪಾಯಗಳ ಲೆಕ್ಕವೇ ಬೇರೆ.

ಆ ದಿನ, ಆ ರಾತ್ರಿ

ಕಾಡಿಗೆ ಬೇಡ, ಸೆಂಟು ಬೇಡ. ಸೆಂಟಿನ ಆವಿ ಲೇಸರಿನ ಕೆಲಸಕ್ಕೆ ಅಡ್ಡಿ. ಮರಗಟ್ಟಿಸುವ ಹನಿ ಬಿಡುತ್ತಾರೆ, ಇಂಜೆಕ್ಷನ್ ಇಲ್ಲ. ರೆಪ್ಪೆ ಮುಚ್ಚದಂತೆ ತಂತಿಯ ಕೊಕ್ಕೆ. ಲೇಸಿಕ್ ಆದರೆ ಕಣ್ಣಿನ ಮೇಲೆ ಉಂಗುರವೊಂದು ಒತ್ತಿ ಕೂತು, ಕೆಲವು ಕ್ಷಣ ಎಲ್ಲವೂ ಕಪ್ಪಾಗುತ್ತದೆ. ಹೆದರುವವರು ಹೆದರುವುದು ಇಲ್ಲಿ. ಮೊದಲೇ ಗೊತ್ತಿದ್ದರೆ ಅಷ್ಟಿಲ್ಲ. ಆಮೇಲೆ ಮಿನುಗುವ ಚುಕ್ಕೆಯನ್ನೇ ದಿಟ್ಟಿಸಬೇಕು. ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ, ಅದೂ ಒಂದು ನಿಮಿಷದೊಳಗೆ. ಕಣ್ಣು ಕೊಂಚ ಅಲುಗಿದರೆ ಯಂತ್ರ ಹಿಂಬಾಲಿಸುತ್ತದೆ, ಹೆಚ್ಚು ಅಲುಗಿದರೆ ತಾನೇ ನಿಲ್ಲುತ್ತದೆ.

ಸಂಜೆ ಈರುಳ್ಳಿ ಹೆಚ್ಚಿದಂತೆ ಉರಿ, ನೀರು. ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡು ಮಲಗಬೇಕು, ನಿದ್ದೆಗಣ್ಣಿನಲ್ಲಿ ಉಜ್ಜಿದರೆ ಮುಚ್ಚಳ ಸರಿದೀತು. ವಾರದ ಮಟ್ಟಿಗೆ ತಲೆಗೆ ಸ್ನಾನ ಬೇಡ, ಬೈಕ್ ಓಡಿಸಿದರೆ ಗಾಳಿ-ದೂಳಿಗೆ ಅಡ್ಡವಾಗಿ ಕನ್ನಡಕ ಬೇಕು. ಹೌದು, ಕನ್ನಡಕವೇ. ಕೊಟ್ಟ ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ‘ಚೆನ್ನಾಗಿದೆ’ ಎಂದು ಅದನ್ನು ನಿಲ್ಲಿಸುವುದೂ ತಪ್ಪು, ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಬಾಟಲಿ ಕೊಂಡು ಮುಂದುವರಿಸುವುದು ಅದಕ್ಕಿಂತ ದೊಡ್ಡ ತಪ್ಪು. ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ.

6/6 ಬಂದ ಮೇಲೆ

ಗೋಡೆಯ ಫಲಕದಲ್ಲಿ ಕಪ್ಪು ಅಕ್ಷರ ಓದಿದ್ದಕ್ಕೂ ಬೆಂಗಳೂರು-ಮೈಸೂರು ದಾರಿಯಲ್ಲಿ ರಾತ್ರಿ ಎದುರಿನ ಲಾರಿಯ ದೀಪ ಎದುರಿಸುವುದಕ್ಕೂ ವ್ಯತ್ಯಾಸವಿದೆ. ಕತ್ತಲಲ್ಲಿ ಪಾಪೆ ಹಿಗ್ಗಿ ಕೆತ್ತಿದ ಭಾಗದ ಅಂಚನ್ನು ದಾಟಿದರೆ ದೀಪದ ಸುತ್ತ ಪ್ರಭಾವಳಿ, ಗೆರೆಗೆರೆಯ ಮಿಂಚು ಕಾಣುತ್ತದೆ. ಕಾರ್ನಿಯಾದ ನರಗಳು ತುಂಡಾಗುವುದರಿಂದ ಕಣ್ಣೀರು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಡೀ ದಿನ ಎ.ಸಿ. ಕೋಣೆಯಲ್ಲಿ ರೆಪ್ಪೆ ಮಿಟುಕಿಸದೆ ಪರದೆ ನೋಡುವವರಿಗೆ ಇದು ಇನ್ನೂ ಹೆಚ್ಚು. ಮೊದಲೇ ಒಣಗುವ ಕಣ್ಣಿದ್ದರೆ ಅದನ್ನು ಸರಿಪಡಿಸಿಕೊಂಡೇ ಮುಂದಿನ ಮಾತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ರೋಗಿಗಳನ್ನೇ ಕೇಳಿ ನಡೆಸಿದ ‘ಪ್ರೌಲ್’ ಅಧ್ಯಯನಗಳ ಅಂಕಿಗಳು ಎರಡೂ ಕಡೆಯವರಿಗೆ ಪಾಠ. ಲೇಸಿಕ್‌ಗೆ ಮೊದಲು ಪ್ರಭಾವಳಿಯಂಥ ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ ಮೂರು ತಿಂಗಳ ನಂತರ ಶೇ 46ರವರೆಗಿನ ಮಂದಿ ಒಂದಾದರೂ ಹೊಸ ತೊಂದರೆ ಹೇಳಿದರು. ಒಣಗಣ್ಣು ಇಲ್ಲದಿದ್ದವರಲ್ಲಿ ಶೇ 30ರವರೆಗೆ ಅದು ಕಾಣಿಸಿತು. ಅವೇ ಅಧ್ಯಯನಗಳಲ್ಲಿ, ಈ ದೃಷ್ಟಿಯ ತೊಂದರೆಗಳಿಂದಾಗಿ ದಿನನಿತ್ಯದ ಕೆಲಸಕ್ಕೇ ತುಂಬ ಕಷ್ಟವಾಗಿದೆ ಎಂದವರು ಶೇ 1ಕ್ಕಿಂತ ಕಡಿಮೆ. ಬಹುತೇಕರು ಒಟ್ಟಾರೆ ತೃಪ್ತರು. ‘ಏನೂ ಆಗಲ್ಲ’ ಎನ್ನುವ ಮಾರಾಟಗಾರನೂ ‘ಕಣ್ಣೇ ಹೋಗುತ್ತೆ’ ಎನ್ನುವ ನೆಂಟನೂ ಇಬ್ಬರೂ ಇಲ್ಲಿ ಸೋಲುತ್ತಾರೆ.

ಚಾಳೀಸಿನ ಲೆಕ್ಕ

ನಲವತ್ತಕ್ಕೆ ಬರುವ ಓದುವ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂದೇ ಹೆಸರು, ಆ ನಲವತ್ತರಿಂದಲೇ ಬಂದದ್ದು. ಒಳಗಿನ ಮಸೂರ ಬಿರುಸಾಗಿ ಹತ್ತಿರದ್ದು ಕಾಣದಾಗುವ ಈ ಬದಲಾವಣೆಯನ್ನು ಕಾರ್ನಿಯಾದ ಲೇಸರ್ ತಡೆಯುವುದಿಲ್ಲ. ಮೈನಸ್ ಎರಡೂವರೆಯವರಿಗೆ ಪ್ರಕೃತಿ ಒಂದು ಸವಲತ್ತು ಕೊಟ್ಟಿದೆ: ಐವತ್ತರಲ್ಲೂ ಕನ್ನಡಕ ಹಣೆಗೇರಿಸಿ ಪೇಪರ್ ಓದಬಹುದು. ಈ ಸಾಲು ಬರೆಯುತ್ತಿರುವವನೂ ಸದ್ಯ ಹಾಗೇ ಕೂತಿದ್ದಾನೆ. ಲೇಸರ್ ಮಾಡಿಸಿದರೆ ಆ ಸವಲತ್ತು ಹೋಗುತ್ತದೆ. ಮೂವತ್ತೆಂಟರಲ್ಲಿ ಚಿಕಿತ್ಸೆಗೆ ಹೊರಟವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಿರಬೇಕು.

ನೌಕರಿ, ವಿಮೆ

ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ತಯಾರಿ ನಡೆಸಿರುವವರು ಗಮನಿಸಿ: ಲೇಸಿಕ್ ಮಾಡಿಸಿಕೊಂಡವರು ಆ ಹುದ್ದೆಗೆ ಅರ್ಹರಲ್ಲ. ಕನ್ನಡಕ ಇದ್ದರೆ ಆಗದು ಎಂದು ಲೇಸರಿಗೆ ಹೋಗಿ, ವೈದ್ಯಕೀಯ ತಪಾಸಣೆಯಲ್ಲಿ ಅದೇ ಕಾರಣಕ್ಕೆ ಹೊರಬೀಳುವುದು ಹೊಟ್ಟೆಯುರಿಸುವ ಸಂಗತಿ. ಸೇನಾಪಡೆಗಳಲ್ಲಿ ಆಪರೇಷನ್ ಆದಾಗಿನ ವಯಸ್ಸು, ಆಮೇಲೆ ಕಳೆದ ತಿಂಗಳು, ಉಳಿದ ದಪ್ಪದ ಬಗ್ಗೆ ಅವರದೇ ನಿಯಮಗಳಿವೆ. ಅಧಿಸೂಚನೆ ಓದಿದ ಮೇಲೆ ಆಸ್ಪತ್ರೆ.

ಆರೋಗ್ಯ ವಿಮೆ ಇದೆ ಎಂದು ನಂಬಿಕೊಂಡವರಿಗೆ ಇನ್ನೊಂದು ಅಂಕಿ: 7.5ಕ್ಕಿಂತ ಕಡಿಮೆ ಪವರ್ ಸರಿಪಡಿಸುವ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ನಮ್ಮ ಪಾಲಿಸಿಗಳಲ್ಲಿ ಸಾಮಾನ್ಯ.

ಆ ಕಾಗದ

ಎಲ್ಲ ಮುಗಿದು ಕನ್ನಡಕದ ಡಬ್ಬಿ ಕಪಾಟಿನ ಮೂಲೆ ಸೇರುತ್ತದೆ. ಅದರ ಜತೆಗೇ ಫೈಲೂ ರದ್ದಿಗೆ ಹೋಗುತ್ತದೆ. ಅದೊಂದು ಆಗಬಾರದು. ಅರವತ್ತರಲ್ಲಿ ಪೊರೆ ಬಂದಾಗ ಒಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ ಹಾಕಲು ಕಾರ್ನಿಯಾದ ಉಬ್ಬು ಗೊತ್ತಾಗಬೇಕು. ಲೇಸರ್ ಆದ ಕಾರ್ನಿಯಾದಲ್ಲಿ ಮಾಮೂಲಿ ಸೂತ್ರ ತಪ್ಪುತ್ತದೆ, ಹಳೆಯ ಅಳತೆ ಸಿಕ್ಕರೆ ವೈದ್ಯರ ಕೆಲಸ ಸಲೀಸು. ಕಣ್ಣಿನ ಒತ್ತಡ ಅಳೆಯುವಾಗಲೂ ತೆಳುವಾದ ಕಾರ್ನಿಯಾ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ ಕಣ್ತಪ್ಪಬಹುದು. ನೇತ್ರದಾನಕ್ಕೆ ಹೆಸರು ಬರೆಸಿದವರಾದರೆ ಮನೆಯವರಿಗೂ ತಿಳಿದಿರಲಿ: ಲೇಸಿಕ್ ಆದ ಕಾರ್ನಿಯಾವನ್ನು ಇಡಿಯಾಗಿ ಕಸಿ ಮಾಡುವುದಿಲ್ಲ, ಆದರೆ ಅದರ ಹಿಂಪದರ ಇನ್ನೊಬ್ಬರಿಗೆ ಆದೀತು.

ಆದ್ದರಿಂದ ಬಣ್ಣದ ನಕ್ಷೆ, ದಪ್ಪದ ಅಂಕಿ, ಹಳೆಯ ಪವರ್ ಚೀಟಿ, ಮೂರನ್ನೂ ಫೋಟೊ ತೆಗೆದು ಮೊಬೈಲಿನಲ್ಲಿಡಿ. ಮೂಲಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟಲ್ಲೇ ಇಡಿ. ಮೂವತ್ತು ವರ್ಷದ ಮೇಲೆ ಇನ್ನೊಂದು ಆಸ್ಪತ್ರೆಯ ಸಾಲು ಕುರ್ಚಿಯಲ್ಲಿ, ಉರಿಯುವ ಹನಿ ಬಿಡಿಸಿಕೊಂಡು ಕೂತಿದ್ದಾಗ, ಯಾರೋ ಬಂದು ಕೇಳುತ್ತಾರೆ: ‘ಹಿಂದೆ ಕಣ್ಣಿಗೆ ಏನಾದರೂ ಮಾಡಿಸಿದ್ರಾ? ಕಾಗದ ಇದೆಯಾ?’